ಮೈಕಿನ ಮುಂದಿನವರು ಮೇಷ್ಟರಾದಾಗ



ಧ್ವನಿ ಕಲೆಯ ವೃತ್ತಿ ಮತ್ತು ಬೋಧನೆ, ಇವೆರಡರ ನಂಟನ್ನು ಕುರಿತು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಮತ್ತು ರಂಗಕಲಾ ವಿಭಾಗಗಳು ಹಮ್ಮಿಕೊಂಡಿರುವ ಈ ವಿಚಾರ ಸಂಕಿರಣದಲ್ಲಿ ಎರಡು ದಿನ ಮಾತಾಡಲು ಸೇರಿದ್ದೇವೆ. ಈ ವಿಷಯಕ್ಕೆ ನಾನು ಹೊರಗಿನವಳಲ್ಲ. ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿ ಶುರು ಮಾಡಿ, ಸಾಕ್ಷ್ಯಚಿತ್ರ, ಜಾಹೀರಾತು, ಧಾರಾವಾಹಿಗಳಿಗೆ ದನಿ ಕೊಟ್ಟು, ಈಗ ಕೆಲವು ವರ್ಷಗಳಿಂದ ಕಲಿಸುತ್ತಲೂ ಇದ್ದೇನೆ. ಕಲಿಸುವುದಕ್ಕೆ ಶುಲ್ಕವನ್ನೂ ತೆಗೆದುಕೊಳ್ಳುತ್ತೇನೆ. ಆದ್ದರಿಂದ ಇಂದು ಆಡುವ ಮಾತೆಲ್ಲ ನನಗೂ ಅನ್ವಯಿಸುತ್ತದೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಅನುಭವಿ ದನಿಗಳು ಕಲಿಸಲೇಬೇಕು. ಕಲಿಸಿದ್ದಕ್ಕೆ ನ್ಯಾಯವಾದ ಸಂಭಾವನೆ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಸುಬನ್ನು ಕಲಿಸುವುದೇ ಬೇರೆ, ಆ ಕಸುಬಿನಿಂದ ಬದುಕು ಹಸನಾಗುತ್ತದೆ ಎಂಬ ಭರವಸೆಯನ್ನು ಮಾರುವುದೇ ಬೇರೆ. ಈ ಎರಡರ ನಡುವಿನ ಗೆರೆ ನಮ್ಮಲ್ಲಿ ದಿನದಿನಕ್ಕೆ ಮಾಸುತ್ತಿದೆ. ಅದನ್ನು ಮತ್ತೆ ಎದ್ದುಕಾಣುವಂತೆ ಎಳೆಯುವುದು ಈ ಸಂಕಿರಣದ ಕೆಲಸ ಎಂದು ನಾನು ಭಾವಿಸಿದ್ದೇನೆ.

ಕನ್ನಡದಲ್ಲಿ ಈ ಪ್ರಶ್ನೆ ಈಗಲೇ ಯಾಕೆ ಎದ್ದಿತು ಎನ್ನುವುದಕ್ಕೆ ಕಾರಣ ಇದೆ. ಅರವತ್ತರ ದಶಕದಿಂದ ನಮ್ಮಲ್ಲಿ ಪರಭಾಷೆಯ ಚಿತ್ರಗಳ ಡಬ್ಬಿಂಗ್‌ಗೆ ಅಘೋಷಿತ ನಿಷೇಧವಿತ್ತು. ಆ ನಿಷೇಧದ ಸರಿತಪ್ಪು ಇಂದಿನ ವಿಷಯವಲ್ಲ. ಪರಿಣಾಮ ಮಾತ್ರ ಸ್ಪಷ್ಟ: ಪಕ್ಕದ ಚೆನ್ನೈ, ಹೈದರಾಬಾದುಗಳಲ್ಲಿ ಡಬ್ಬಿಂಗ್ ದೊಡ್ಡ ಉದ್ಯೋಗವಾಗಿ ಬೆಳೆದಾಗ ನಮ್ಮ ದನಿಯವರಿಗೆ ಇದ್ದದ್ದು ಆಕಾಶವಾಣಿ, ದೂರದರ್ಶನ, ಜಾಹೀರಾತು, ಸರ್ಕಾರಿ ಸಾಕ್ಷ್ಯಚಿತ್ರ, ಜೊತೆಗೆ ಕನ್ನಡ ಬಾರದ ನಾಯಕಿಯರಿಗೆ ಕೊಡುವ ಕಂಠ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲೇ ಶುರುವಾಗಿ ಇನ್ನೊಂದು ಬಾಗಿಲು ತೆರೆಯಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನುಬಾಹಿರ ಎಂದು ಆದೇಶ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ತಮಿಳಿನಿಂದ ಬಂದ 'ಸತ್ಯದೇವ್ ಐಪಿಎಸ್' ಅಡೆತಡೆಗಳ ನಡುವೆ ತೆರೆಕಂಡಿತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ವಾಹಿನಿಗಳಿಗೆ ತೋರಿಸಲು ಏನೂ ಇಲ್ಲದಂತಾದಾಗ ಡಬ್ ಆದ ಮಹಾಭಾರತ ಮನೆಮನೆಗೆ ಬಂತು. ಅಲ್ಲಿಂದಾಚೆಗೆ ಒಟಿಟಿ, ಆಡಿಯೋ ಪುಸ್ತಕ, ಆಡಿಯೋ ಧಾರಾವಾಹಿ, ಕಂಪನಿಗಳ ತರಬೇತಿ ವಿಡಿಯೋ ಎಲ್ಲಕ್ಕೂ ಕನ್ನಡದ ದನಿ ಬೇಕಾಯಿತು.

ಅರ್ಧ ಶತಮಾನ ಮುಚ್ಚಿದ್ದ ಬಾಗಿಲು ಒಮ್ಮೆಲೇ ತೆರೆದರೆ ಒಳಗೆ ನುಗ್ಗುವವರಿಗೆ ದಾರಿ ತೋರಿಸುವವರು ಬೇಕೇ ಬೇಕಲ್ಲ. ಹಾಗೆ ವರ್ಕ್‌ಶಾಪುಗಳು ಬಂದವು. ವಾರಾಂತ್ಯದ ಶಿಬಿರ, ಆನ್‌ಲೈನ್ ಕೋರ್ಸು, ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠ, ದನಿಯ ಮಾದರಿ ರೆಕಾರ್ಡಿಂಗ್ ಆದ ಡೆಮೊ ತಯಾರಿಸಿಕೊಡುವ ಪ್ಯಾಕೇಜು. ಇವತ್ತು ನಮ್ಮ ಕ್ಷೇತ್ರದ ಹಿರಿಯರನ್ನು ಮಾತಾಡಿಸಿದರೆ ಬಹಳಷ್ಟು ಮಂದಿ ಯಾವುದಾದರೂ ರೂಪದಲ್ಲಿ ಕಲಿಸುತ್ತಿದ್ದಾರೆ.

ಇದನ್ನು ದುರಾಸೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಬೆಳವಣಿಗೆಯ ಬೇರು ಆಸೆಗಿಂತ ಆಳದಲ್ಲಿದೆ, ಅದು ನಮ್ಮ ಕೆಲಸದ ಜಾಗದಲ್ಲೇ ಇದೆ. ಹಿಂದೆ ಕಂಠದಾನ ಮಾಡುವಾಗ ಚಿತ್ರದ ರೀಲನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿನ ತುದಿಗಳನ್ನು ಅಂಟಿಸಿ, ಪರದೆಯ ಮೇಲೆ ಮತ್ತೆ ಮತ್ತೆ ಸುತ್ತಿಸುತ್ತಿದ್ದರು. ಆ ದೃಶ್ಯದಲ್ಲಿರುವ ಎಲ್ಲರೂ ಒಂದೇ ಮೈಕಿನ ಎದುರು ನಿಂತು ಹೇಳಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಹೊಸಬರಿಗೆ ಸಿಗುತ್ತಿದ್ದದ್ದು ಗುಂಪಿನ ದನಿ: ಸಂತೆಯ ಗದ್ದಲ, ಮದುವೆ ಮನೆಯ ಮಾತುಕತೆ, ಆಸ್ಪತ್ರೆಯ ಅಳು. ಅದನ್ನು ಹೇಳಿ ಮುಗಿಸಿದ ಮೇಲೆ ಅವರು ಸ್ಟುಡಿಯೋದ ಮೂಲೆಯಲ್ಲಿ ಕೂತು ದೊಡ್ಡವರ ಕೆಲಸ ನೋಡುತ್ತಿದ್ದರು. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ, ಕಾಗದ ಸದ್ದಾಗದಂತೆ ಹೇಗೆ ಹಿಡಿಯುತ್ತಾರೆ, ಸೌಂಡ್ ಎಂಜಿನಿಯರ್ ಕೈ ಎತ್ತಿದರೆ ಏನರ್ಥ, ನಿರ್ದೇಶಕರು ರೇಗಿದಾಗ ಮುಖ ಹೇಗಿಟ್ಟುಕೊಳ್ಳಬೇಕು, ಸಂಭಾವನೆ ಕೇಳುವ ಸಮಯ ಯಾವುದು, ಎಲ್ಲವೂ ಆ ಮೂಲೆಯಲ್ಲಿ ಕೂತವರ ಕಿವಿಗೆ ಬೀಳುತ್ತಿತ್ತು. ಆ ಪಾಠಕ್ಕೆ ಶುಲ್ಕ ಇರಲಿಲ್ಲ. ಬದಲಿಗೆ ಅಂದಿನ ಕೂಲಿ ಸಿಗುತ್ತಿತ್ತು.

ಗುಬ್ಬಿ ನಾಟಕ ಕಂಪನಿಯಲ್ಲಿ ನಟರು ತಯಾರಾದದ್ದೂ ಇದೇ ರೀತಿ. ಬಾಲನಟನಾಗಿ ಸೇರಿ, ಪರದೆ ಎಳೆದು, ಪಕ್ಕವಾದ್ಯಕ್ಕೆ ಕೂತು, ಒಂದು ದಿನ ಮುಖ್ಯ ಪಾತ್ರಕ್ಕೆ ಬರುವುದು. ಆಕಾಶವಾಣಿಯಲ್ಲಿಯೂ ನಾಟಕ ಕಲಾವಿದರಿಗೆ ಆಡಿಷನ್ ಇತ್ತು, ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳಿದ್ದವು. ಉದ್ಘೋಷಕರಿಗೆ 'ವಾಣಿ' ತರಬೇತಿ ಇತ್ತು. ಶ್ರೇಣಿ ಕೊಡುವವರು ನಿಮ್ಮಿಂದ ಶುಲ್ಕ ವಸೂಲಿ ಮಾಡುವ ಮೇಷ್ಟರಾಗಿರಲಿಲ್ಲ ಎಂಬುದನ್ನು ಗಮನಿಸಿ.

ಡಿಜಿಟಲ್ ರೆಕಾರ್ಡಿಂಗ್ ಬಂದ ಮೇಲೆ ಪ್ರತಿ ಪಾತ್ರಕ್ಕೂ ಪ್ರತ್ಯೇಕ ಟ್ರ್ಯಾಕ್. ನಾಯಕ ಬೆಳಿಗ್ಗೆ ಬಂದು ತನ್ನ ಭಾಗ ಹೇಳಿ ಹೋಗುತ್ತಾನೆ, ನಾಯಕಿ ಮಾರನೆಯ ದಿನ ಸಂಜೆ ಬರುತ್ತಾಳೆ. ಇಬ್ಬರೂ ಜಗಳವಾಡುವ ದೃಶ್ಯ. ಆದರೆ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಕೊರೊನಾ ಬಂದು ಮನೆಯ ಬೀರುವಿನ ಪಕ್ಕದಲ್ಲೇ ಕಂಬಳಿ ಕಟ್ಟಿ ಸ್ಟುಡಿಯೋ ಮಾಡಿಕೊಂಡಾಗ ಉಳಿದಿದ್ದ ಕೊಂಡಿಯೂ ಕಳಚಿತು. ಮೂಲೆಯ ಕುರ್ಚಿಯೇ ಇಲ್ಲದ ಮೇಲೆ ಹೊಸಬರು ಎಲ್ಲಿ ಕೂರಬೇಕು? ತರಬೇತಿಯ ಮಾರುಕಟ್ಟೆ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ. ಆ ಅಗತ್ಯ ನಿಜ. ಅದಕ್ಕೇ ನಾನು ಕಲಿಸುವವರ ಪರ.

ನಿಜವಾಗಿ ಕಲಿಸಬಹುದಾದದ್ದು ಎಷ್ಟು ಸೂಕ್ಷ್ಮವಾದದ್ದು ಎನ್ನುವುದಕ್ಕೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಹಿಂದಿ ಚಿತ್ರದಲ್ಲಿ ತಾಯಿ ಮಗನಿಗೆ 'ಮತ್ ಜಾವೋ' ಎನ್ನುತ್ತಾಳೆ. ಕ್ಯಾಮೆರಾ ಮುಖದ ಹತ್ತಿರವೇ ಇದೆ. ಅನುವಾದಕರು 'ಹೋಗಬೇಡ' ಎಂದು ಬರೆದು ಕಳಿಸಿರುತ್ತಾರೆ. ಅರ್ಥ ಸರಿ, ಆದರೆ ತುಟಿ ಸರಿಹೋಗುವುದಿಲ್ಲ. ಆ ನಟಿಯ ತುಟಿ ಕೂಡುವುದು ಮೊದಲ ಅಕ್ಷರದಲ್ಲಿ, 'ಮ'ಕಾರದಲ್ಲಿ. 'ಹೋಗಬೇಡ'ದಲ್ಲಿ ತುಟಿ ಕೂಡುವ 'ಬ'ಕಾರ ಬರುವುದು ಮಧ್ಯದಲ್ಲಿ. ಆ ಹೊತ್ತಿಗೆ ಪರದೆಯ ಮೇಲೆ ಬಾಯಿ ತೆರೆದಿರುತ್ತದೆ. ಪಳಗಿದ ಕಲಾವಿದೆ ಅಲ್ಲೇ ನಿಂತು 'ಬೇಡ, ನಿಲ್ಲು' ಎಂದು ಬದಲಿಸುತ್ತಾಳೆ. 'ಬೇ' ಎನ್ನುವಾಗ ತುಟಿ ಕೂಡುತ್ತದೆ, 'ಲ್ಲು' ಎನ್ನುವಾಗ 'ವೋ' ಎಂಬಲ್ಲಿದ್ದಂತೆ ತುಟಿ ದುಂಡಗಾಗುತ್ತದೆ, ತಾಯಿಯ ಸಂಕಟವೂ ಇನ್ನಷ್ಟು ಹರಿತವಾಗಿ ಬರುತ್ತದೆ. ಕ್ಷಣಾರ್ಧದಲ್ಲಿ ಇಷ್ಟೆಲ್ಲ ಆಗುತ್ತದೆ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಗೊತ್ತಿದ್ದವರು ಪಕ್ಕದಲ್ಲಿ ನಿಂತು, ಹತ್ತು ಸಲ ಹೇಳಿಸಿ, ಹನ್ನೊಂದನೆಯ ಸಲ 'ಈಗ ಬಂತು ನೋಡಿ' ಎನ್ನಬೇಕು. ಇಂಥ ಪಾಠಕ್ಕೆ ಎಷ್ಟು ಶುಲ್ಕ ಕೇಳಿದರೂ ನಾನು ಗೌರವದಿಂದ ಕೊಡುತ್ತೇನೆ.

ಆದರೆ ಜಾಹೀರಾತುಗಳಲ್ಲಿ ಕಾಣುವುದು ಈ ಪಾಠವಲ್ಲ. ಅಲ್ಲಿ ಕಾಣುವುದು ಮನೆಯಲ್ಲೇ ಕೂತು ಸಂಪಾದಿಸಿ, ಕೆಲಸ ಬಿಟ್ಟು ದನಿಯನ್ನೇ ವೃತ್ತಿ ಮಾಡಿಕೊಳ್ಳಿ, ನಾನು ಮಾಡಿದ ಹಾಗೆ ನೀವೂ ಮಾಡಿ ಎಂಬ ಮಾತುಗಳು. ಇಲ್ಲಿ ಮಾರಾಟವಾಗುತ್ತಿರುವುದು ಕಲಿಸುವವರ ಸ್ವಂತ ಜೀವನಕಥೆ. ಆ ಕಥೆ ಸುಳ್ಳಲ್ಲದಿರಬಹುದು. ಆದರೂ ಅದನ್ನು ದಾರಿಯೆಂದು ತೋರಿಸುವುದು ಸರಿಯಲ್ಲ. ತೊಂಬತ್ತರ ದಶಕದಲ್ಲಿ ಆಕಾಶವಾಣಿಯ ಆಡಿಷನ್ ಮೂಲಕ ಒಳಬಂದವರು ಹೇಳುವ ಬಾಗಿಲು ಇವತ್ತಿನ ಹುಡುಗಿಗೆ ಆ ರೂಪದಲ್ಲಿ ಸಿಗುವುದಿಲ್ಲ. 2001ರ ನಂತರ ಎಫ್‌ಎಂ ಸೇರಿ ಹೆಸರು ಮಾಡಿದವರು ಬಂದದ್ದು ಕೇಂದ್ರಗಳು ಒಂದರ ಮೇಲೊಂದು ತೆರೆಯುತ್ತಿದ್ದ ಕಾಲದಲ್ಲಿ. ಅವರ ಪ್ರತಿಭೆಗೆ ಆ ಕಾಲವೂ ಒತ್ತಾಸೆಯಾಗಿತ್ತು. ಅದೇ ಕಾಲದಲ್ಲಿ ಅಷ್ಟೇ ಚೆನ್ನಾಗಿ ಮಾತಾಡುತ್ತಿದ್ದು ಅವಕಾಶ ಸಿಗದೆ ಬೇರೆ ಕೆಲಸ ಹಿಡಿದವರು ಯಾವ ವರ್ಕ್‌ಶಾಪಿನಲ್ಲೂ ಮಾತಾಡಲು ಬರುವುದಿಲ್ಲ. ಗೆದ್ದವರನ್ನಷ್ಟೇ ಕೇಳಿ ಹಾದಿಯ ನಕ್ಷೆ ಬರೆದರೆ ಆ ನಕ್ಷೆಯಲ್ಲಿ ಹಳ್ಳಕೊಳ್ಳಗಳೇ ಇರುವುದಿಲ್ಲ.

ವೃತ್ತಿ ಸಲಹೆಗೆ ಆಯುಸ್ಸು ಕಡಿಮೆ. ಮಹಾಪ್ರಾಣ ಹೇಗೆ ಹೇಳಬೇಕು ಎಂಬ ಪಾಠ ಮೂವತ್ತು ವರ್ಷ ಬಾಳುತ್ತದೆ. ನಿಮಿಷಕ್ಕೆ ಎಷ್ಟು ಸಂಭಾವನೆ ಕೇಳಬೇಕು, ಯಾರ ಹತ್ತಿರ ಹೋಗಬೇಕು ಎಂಬ ಸಲಹೆ ಮೂರು ವರ್ಷವೂ ಬಾಳುವುದಿಲ್ಲ. ಆದ್ದರಿಂದ ವೃತ್ತಿ ಸಲಹೆ ಕೊಡುವವರು ಇನ್ನೂ ವೃತ್ತಿಯಲ್ಲಿರಬೇಕು. ಕಳೆದ ವರ್ಷ ತಾವು ಗಳಿಸಿದ್ದರಲ್ಲಿ ದನಿ ಕೊಟ್ಟು ಬಂದದ್ದೆಷ್ಟು, ದನಿ ಕೊಡುವುದನ್ನು ಕಲಿಸಿ ಬಂದದ್ದೆಷ್ಟು ಎಂದು ಹೇಳುವ ಧೈರ್ಯ ಇರಬೇಕು. ಎರಡನೆಯದೇ ಹೆಚ್ಚಾಗಿದ್ದರೆ ಅದು ಅವಮಾನವೇನಲ್ಲ. ಒಳ್ಳೆಯ ಮೇಷ್ಟರಾಗುವುದು ದೊಡ್ಡ ಕೆಲಸ. ಆದರೆ 'ನನ್ನ ಹಾಗೆ ಗಳಿಸಿ' ಎಂದು ಹೇಳುವಾಗ, ಆ ಗಳಿಕೆ ಎಲ್ಲಿಂದ ಬಂತೆಂದು ಕೇಳುವವನಿಗೆ ಗೊತ್ತಿರಬೇಕು.

ಇನ್ನೂ ಕಷ್ಟದ ಸಂಗತಿಯೊಂದಿದೆ. ನಮ್ಮಲ್ಲಿ ಒಬ್ಬರೇ ಕಲಿಸುವವರೂ ಆಗಿರುತ್ತಾರೆ, ಡೆಮೊ ಮಾಡಿಕೊಡುವವರೂ ಆಗಿರುತ್ತಾರೆ, ಕೆಲವೊಮ್ಮೆ ಡಬ್ಬಿಂಗ್ ಇನ್‌ಚಾರ್ಜ್ ಆಗಿ ದನಿಗಳನ್ನು ಆಯ್ಕೆ ಮಾಡುವವರೂ ಆಗಿರುತ್ತಾರೆ. ಸಣ್ಣ ಕ್ಷೇತ್ರದಲ್ಲಿ ಇದು ಸಹಜ, ಎಲ್ಲರೂ ಎಲ್ಲವನ್ನೂ ಮಾಡಬೇಕಾಗುತ್ತದೆ. ಆದರೆ ವಿದ್ಯಾರ್ಥಿಯ ಕಣ್ಣಿನಿಂದ ನೋಡಿ. ಕೋರ್ಸಿಗೆ ಸೇರಿದರೆ ಪಾತ್ರ ಸಿಗುತ್ತದೆ, ಸೇರದಿದ್ದರೆ ಸಿಗುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವಳಿಗೆ ತಾನಾಗಿ ಹಾಗನ್ನಿಸುತ್ತದೆ. ಆಮೇಲೆ ಅವಳು ಕೊಡುವ ಹಣ ಕಲಿಕೆಯ ಶುಲ್ಕವಾಗಿ ಉಳಿಯುವುದಿಲ್ಲ.

ಬೇರೆ ಕಡೆ ಇದನ್ನು ಕಾನೂನಿನ ಮಟ್ಟದಲ್ಲಿ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಕ್ರೆಕೋರಿಯನ್ ಕಾಯ್ದೆ ಜಾರಿಯಲ್ಲಿದೆ. ಅಭಿನಯದ ಅವಕಾಶ ಕೊಡಿಸುತ್ತೇವೆ ಎಂದು ಮುಂಗಡ ಹಣ ಕೇಳುವುದನ್ನು ಅದು ನಿಷೇಧಿಸುತ್ತದೆ. ತರಬೇತಿ ಕೊಡುವ ಸಂಸ್ಥೆಗಳು 50,000 ಡಾಲರ್ ಭದ್ರತಾ ಬಾಂಡ್ ಇಡಬೇಕು, ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಸೇರಿದವರು ಹತ್ತು ಕೆಲಸದ ದಿನಗಳೊಳಗೆ ಮನಸ್ಸು ಬದಲಿಸಿದರೆ ಹಣ ಹಿಂದಿರುಗಿಸಬೇಕು. 2017ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್ ನಗರದ ಅಟಾರ್ನಿ ಇದೇ ಕಾಯ್ದೆಯಡಿ ಐದು ವರ್ಕ್‌ಶಾಪ್ ಸಂಸ್ಥೆಗಳಿಗೆ ಸಂಬಂಧಿಸಿದ 25 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಪಾತ್ರ ಆಯ್ಕೆ ಮಾಡುವವರನ್ನೇ ಕರೆಸಿ, ಅವರ ಮುಂದೆ ಅಭಿನಯಿಸಲು ನಟರಿಂದ ಹಣ ಪಡೆದು, ಅದನ್ನು ಕಲಿಕೆಯೆಂದು ಕರೆದರು ಎಂಬುದು ಆರೋಪ.

ನಮ್ಮ ದೇಶದಲ್ಲಿ ಏನಿದೆ? 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಕೆಲಸ ಗ್ಯಾರಂಟಿ ಎನ್ನಬಾರದು, ಯಶಸ್ವಿಯಾದ ಅಭ್ಯರ್ಥಿಯ ಚಿತ್ರ ಹಾಕಿದರೆ ಆತ ಯಾವ ಕೋರ್ಸು ಮಾಡಿದ್ದ ಎಂದು ಹೇಳಬೇಕು ಎಂಬಂಥ ಒಳ್ಳೆಯ ನಿಯಮಗಳು ಅದರಲ್ಲಿವೆ. ಆದರೆ ಕೋಚಿಂಗ್ ಎಂದರೇನು ಎಂದು ವಿವರಿಸುವಾಗ ಕ್ರೀಡೆ, ನೃತ್ಯ, ರಂಗಭೂಮಿ ಮತ್ತಿತರ ಸೃಜನಶೀಲ ಚಟುವಟಿಕೆಗಳನ್ನು ಹೊರಗಿಟ್ಟಿದೆ. ಅಂದರೆ ಐಎಎಸ್ ಕೋಚಿಂಗ್‌ನವರಿಗೆ ಹಾಕಿದ ಕಟ್ಟುಪಾಡು ನಮಗೆ ಇಲ್ಲ. ಎಲ್ಲರಿಗೂ ಅನ್ವಯಿಸುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದ್ದೇ ಇದೆ. ಆದರೆ ವರ್ಕ್‌ಶಾಪಿನಿಂದ ನಿರಾಶೆಗೊಂಡ ಹುಡುಗ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವುದು ಅಪರೂಪ. ಕಾನೂನು ನಮ್ಮನ್ನು ಬಿಟ್ಟಿದೆ ಎಂದರೆ ಹೊಣೆ ನಮ್ಮ ಮೇಲೆ ಹೆಚ್ಚಾಗಿದೆ ಎಂದೇ ಅರ್ಥ.

ಇದರ ಜೊತೆಗೆ ಕೃತಕ ಬುದ್ಧಿಮತ್ತೆಯ ಮಾತು. ಅಮೆರಿಕದ ಧ್ವನಿ ಕಲಾವಿದೆ ಸುಸಾನ್ ಬೆನೆಟ್ 2005ರ ಜುಲೈ ತಿಂಗಳು ಪೂರ್ತಿ ಮೈಕಿನ ಮುಂದೆ ಕೂತು ಅರ್ಥವಿಲ್ಲದ ವಾಕ್ಯಗಳನ್ನು ಓದಿದರು. 2011ರಲ್ಲಿ ಐಫೋನಿನಲ್ಲಿ ಸಿರಿ ಮಾತಾಡಿದಾಗ ಅದು ತಮ್ಮದೇ ದನಿ ಎಂದು ಅವರಿಗೆ ಗೊತ್ತಾದದ್ದು ಬೇರೆಯವರು ಹೇಳಿದ ಮೇಲೆ. 2024ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ಧ್ವನಿ ಕಲಾವಿದರು ಲೋವೋ ಎಂಬ ಕಂಪನಿಯ ಮೇಲೆ ತಮ್ಮ ದನಿಯನ್ನು ಒಪ್ಪಿಗೆಯಿಲ್ಲದೆ ನಕಲು ಮಾಡಿದ್ದಾರೆಂದು ಮೊಕದ್ದಮೆ ಹೂಡಿದರು. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯ ನಕಲಿಗೆ ತಡೆ ಕೊಟ್ಟಿತು. ಅವರು ಪ್ರಖ್ಯಾತರು. ಹೆಸರಿಲ್ಲದ ದನಿಗೆ ಆ ರಕ್ಷಣೆ ಸುಲಭಕ್ಕೆ ಸಿಗುತ್ತದೆಯೇ?

ಬೆಂಗಳೂರು ಈ ಕೆಲಸದ ನಡುಮಧ್ಯದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಯಂತ್ರಕ್ಕೆ ಮಾತು ಕಲಿಸಲು ಧ್ವನಿ ಕಲಾವಿದರಿಂದ ಓದಿಸಿ ಸಂಗ್ರಹಿಸಿದೆ. ಅದು ಸಾರ್ವಜನಿಕ ಉದ್ದೇಶದ, ಬಹಿರಂಗವಾಗಿ ನಡೆದ ಕೆಲಸ, ಕನ್ನಡಕ್ಕೆ ಬೇಕಾದ ಕೆಲಸವೂ ಹೌದು. ಆದರೆ ಮಾರುಕಟ್ಟೆಯಲ್ಲಿ ಸಿಗುವ ಪ್ರತಿಯೊಂದು 'ಓದುವ ಕೆಲಸ'ವೂ ಹಾಗಿರುವುದಿಲ್ಲ. ಒಪ್ಪಂದದಲ್ಲಿ 'ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ' ಎಂಬ ಒಂದು ಸಾಲಿಗೆ ಸಹಿ ಬಿದ್ದರೆ ಏನಾಗುತ್ತದೆ ಎಂದು ಎಷ್ಟು ವರ್ಕ್‌ಶಾಪುಗಳಲ್ಲಿ ಹೇಳಿಕೊಡುತ್ತಾರೆ? ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ರಾಯಧನದ ಹಕ್ಕನ್ನೂ ನೈತಿಕ ಹಕ್ಕನ್ನೂ ಕೊಟ್ಟಿದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ. ಚಲನಚಿತ್ರದಲ್ಲಿ ಯಾರ ಕೆಲಸ ಪ್ರಾಸಂಗಿಕವಾದದ್ದೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಶೀರ್ಷಿಕೆಯಲ್ಲಿ ಎಲ್ಲೂ ಹಾಕುವುದಿಲ್ಲವೋ ಅವರನ್ನು ಹೆಚ್ಚಿನ ಉದ್ದೇಶಗಳಿಗೆ ಪ್ರದರ್ಶಕರೆಂದೇ ಎಣಿಸುವುದಿಲ್ಲ. ಪರದೆಯ ಮೇಲೆ ಹೆಸರು ಹಾಕಿಸಿಕೊಳ್ಳುವುದು ಕಂಠದಾನ ಕಲಾವಿದರಿಗೆ ಬರೀ ಸಂತೋಷದ ವಿಚಾರವಲ್ಲ, ಹಕ್ಕಿನ ವಿಚಾರ. ಇದು ನಿಜವಾದ ವೃತ್ತಿ ಸಲಹೆ. ಇದನ್ನು ಹೇಳಿಕೊಡಲು ನಮ್ಮ ಕಾನೂನು ವಿಭಾಗದವರನ್ನು ಕರೆಯೋಣ.

ಈಗ ಕನ್ನಡದ ಪಾಠಕ್ಕೆ ಬರುತ್ತೇನೆ. ಈ ಭಾಗದ ಬಗ್ಗೆ ನನಗೆ ಬಹಳ ಕಳವಳವಿದೆ.

ಕಲಬುರಗಿ ಕಡೆಯ ಒಬ್ಬ ಹುಡುಗ ನನ್ನಲ್ಲಿಗೆ ತನ್ನ ಡೆಮೊ ತಂದಿದ್ದ. ಎಲ್ಲೋ ದುಡ್ಡು ಕೊಟ್ಟು ಮಾಡಿಸಿದ್ದು. ಒಂದು ನಿಮಿಷದೊಳಗೆ ಕಾರು, ಚಿನ್ನದಂಗಡಿ, ಬ್ಯಾಂಕು, ಸಿನಿಮಾ ಟ್ರೇಲರ್, ಮಕ್ಕಳ ಕಾರ್ಟೂನು. ಹಿನ್ನೆಲೆ ಸಂಗೀತ ಎಷ್ಟು ಜೋರೆಂದರೆ ಅವನ ವ್ಯಂಜನಗಳು ಅದರಡಿ ಮುಳುಗಿದ್ದವು. ಟ್ರೇಲರಿನಲ್ಲಿ ಗಂಟಲನ್ನು ಬಲವಂತವಾಗಿ ಕೆಳಗಿಳಿಸಿದ್ದ, ಬ್ಯಾಂಕಿನಲ್ಲಿ 'ಭರವಸೆ' ಎನ್ನುವುದು 'ಬರವಸೆ'ಯಾಗಿತ್ತು, ಕಾರಿನಲ್ಲಿ ಬೆಂಗಳೂರಿನ ಎಫ್‌ಎಂ ನಿರೂಪಕರ ರಾಗ. ಐದರಲ್ಲಿ ಒಂದೂ ಅವನ ದನಿಯಲ್ಲ. ಅಂದಿನ ದಿನಪತ್ರಿಕೆ ಕೊಟ್ಟು ತೊಗರಿ ಬೆಲೆಯ ಸುದ್ದಿಯನ್ನು ಮನೆಯಲ್ಲಿ ಅಪ್ಪನಿಗೆ ಹೇಳುವ ಹಾಗೆ ಹೇಳು ಎಂದೆ. ಮೊದಲು ಹಿಂಜರಿದ. ಆಮೇಲೆ ಹೇಳತೊಡಗಿದಾಗ ಕೋಣೆಯಲ್ಲಿದ್ದ ಉಳಿದ ವಿದ್ಯಾರ್ಥಿಗಳು ಮೊಬೈಲ್ ಕೆಳಗಿಟ್ಟು ಕೇಳಿದರು. ಮುಗಿಸಿ ಅವನು ಕೇಳಿದ್ದು: 'ಮೇಡಂರೀ, ಹಿಂಗ ಹೇಳಿದ್ರೂ ನಡೀತದೇನ್ರಿ?'

ನಡೆಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮಾತನ್ನು ಒರೆಸಿಹಾಕುವುದೇ ತರಬೇತಿ ಎಂದು ನಂಬಿಸಲಾಗಿತ್ತು. ಬೇರೆ ದೇಶದ ಕೋಚ್‌ಗಳು ಇಂಗ್ಲಿಷಿಗಾಗಿ ಮಾಡಿಕೊಂಡ ಪಾಠಗಳನ್ನು ಹಾಗೇ ಎತ್ತಿ ಕನ್ನಡಕ್ಕೆ ಇಟ್ಟರೆ ಆಗುವುದು ಇದೇ. ಆ ಪಾಠದಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಇರುವುದಿಲ್ಲ, ಳಕಾರ ಲಕಾರಗಳ ವ್ಯತ್ಯಾಸ ಇರುವುದಿಲ್ಲ, ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವ ನಮ್ಮ ಭಾಷೆಯಲ್ಲಿ ಉಸಿರನ್ನು ಕೊನೆಯವರೆಗೂ ಹೇಗೆ ಉಳಿಸಿಕೊಳ್ಳಬೇಕು ಎಂಬುದು ಇರುವುದಿಲ್ಲ. ಧಾರವಾಡ, ಕುಂದಾಪುರ, ಮಂಡ್ಯ, ಕಲಬುರಗಿಯ ಮಾತುಗಳ ನಡೆ ಅಲ್ಲಿ ಹೇಗೆ ತಾನೆ ಇರಲು ಸಾಧ್ಯ? ಶಿಷ್ಟ ಕನ್ನಡ ಬೇಕು, ಸುದ್ದಿಗೂ ಪ್ರಕಟಣೆಗೂ ಬೇಕೇ ಬೇಕು. 2024ರ ಜುಲೈನಲ್ಲಿ ನಮ್ಮನ್ನು ಅಗಲಿದ ನಿರೂಪಕಿ ಅಪರ್ಣಾ ಅವರ ದನಿ ನಮ್ಮ ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುವಾಗ ಒಂದಕ್ಷರವೂ ಸವೆಯದೆ, ಒಂದಕ್ಷರವೂ ಉಬ್ಬದೆ ಬರುತ್ತಿತ್ತು. ಅಂಥ ಸ್ಪಷ್ಟತೆ ವರ್ಷಗಟ್ಟಲೆಯ ಸಾಧನೆಯ ಫಲ. ವಾರಾಂತ್ಯದ ಶಿಬಿರ ಅದರ ರುಚಿ ತೋರಿಸಬಹುದು, ಅದನ್ನು ಕೊಡಲಾರದು. ಹಾಗೆಂದು ಪ್ರಮಾಣಪತ್ರದಲ್ಲಿ ಬರೆಯುವ ಪ್ರಾಮಾಣಿಕತೆ ನಮಗಿರಲಿ.

ಕನ್ನಡದಲ್ಲಿ ದನಿಯ ಪಾಠಕ್ಕೆ ಪರಂಪರೆಯ ಕೊರತೆಯೇ ಇಲ್ಲ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರು ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಪಡೆದರು. ಅವರು ಹಾಡಿದಷ್ಟೇ ಕಲಿಸಿದರು ಕೂಡ. ಪದ ಎಲ್ಲಿ ಬಿಡಿಸಬೇಕು, ಅರ್ಥ ಎಲ್ಲಿ ನಿಲ್ಲುತ್ತದೆ, ಕೇಳುವವರ ಮನಸ್ಸಿಗೆ ಕಾವ್ಯ ಹೇಗೆ ತಲುಪುತ್ತದೆ ಎಂಬುದೇ ಗಮಕದ ಪಾಠ. ಹೆಗ್ಗೋಡಿನ ನೀನಾಸಮ್ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಅಲ್ಲಿ ಕಲಿತವರಿಗೆ ತಿರುಗಾಟದ ಮೂಲಕ ಊರೂರಿನ ಪ್ರೇಕ್ಷಕರ ಮುಂದೆ ನಿಲ್ಲುವ ಅವಕಾಶವೂ ಇದೆ. ಕಲಿಸುವ ಸಂಸ್ಥೆಯೇ ಕೆಲಸವನ್ನೂ ಸೃಷ್ಟಿಸಿದ ಮಾದರಿ ಅದು. ನಮ್ಮ ಧ್ವನಿ ತರಬೇತಿಗಳು ಇವರಿಂದ ಕಲಿಯುವುದು ಬಹಳಷ್ಟಿದೆ. ಗಮಕಿಗಳನ್ನೂ ಯಕ್ಷಗಾನದ ಅರ್ಥಧಾರಿಗಳನ್ನೂ ಪಾಠಕ್ಕೆ ಕರೆದ ಒಂದು ವಾಯ್ಸ್‌ಓವರ್ ಕೋರ್ಸನ್ನು ನಾನು ನೋಡಬೇಕು ಎಂಬುದು ನನ್ನ ಬಹುದಿನದ ಆಸೆ.

ಹಣ ಮತ್ತು ಔದಾರ್ಯ ಎರಡೂ ಒಟ್ಟಿಗೆ ಇರಲು ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಹಾಲಿವುಡ್‌ನ ಸಾವಿರಾರು ಚಿತ್ರಗಳ ಟ್ರೇಲರಿಗೆ ದನಿಯಾಗಿದ್ದ ಡಾನ್ ಲಾಫಾಂಟೇನ್ ತಮ್ಮ ಕಾಲದ ಅತಿ ದುಬಾರಿ ದನಿಗಳಲ್ಲೊಬ್ಬರು. ದಿನವಿಡೀ ಸ್ಟುಡಿಯೋದಿಂದ ಸ್ಟುಡಿಯೋಗೆ ಕಾರಿನಲ್ಲಿ ಓಡಾಡುತ್ತಿದ್ದ ಅವರು ಹೊಸಬರನ್ನು ತಮ್ಮ ಜೊತೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೆಲಸ ನೋಡಲು ಬಿಡುತ್ತಿದ್ದರು. 2008ರಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲಿನ ಕಲಾವಿದರ ಸಂಘದ ಪ್ರತಿಷ್ಠಾನ ಅವರ ಹೆಸರಿನಲ್ಲಿ ಧ್ವನಿ ಪ್ರಯೋಗಾಲಯ ತೆರೆದು ಸದಸ್ಯರಿಗೆ ಉಚಿತ ತರಬೇತಿ ಕೊಡುತ್ತಿದೆ. ದುಬಾರಿ ಸಂಭಾವನೆ ಕೆಲಸ ಕೊಟ್ಟವರಿಂದ ಬಂತು. ಕಲಿಯುವವರಿಗೆ ಸಿಕ್ಕಿದ್ದು ಪಕ್ಕದ ಸೀಟು. ಈ ಲೆಕ್ಕ ನನಗೆ ಬಹಳ ಹಿಡಿಸುತ್ತದೆ.

ಹಾಗಾದರೆ ಈ ಎರಡು ದಿನಗಳಲ್ಲಿ ಏನಾಗಬೇಕು? ಪ್ರಬಂಧಗಳು ಮಂಡನೆಯಾಗಲಿ, ಚರ್ಚೆ ನಡೆಯಲಿ. ಅದರ ಜೊತೆಗೆ ಕನ್ನಡದಲ್ಲಿ ಧ್ವನಿ ಕಲೆ ಕಲಿಸುವವರು ಸ್ವಇಚ್ಛೆಯಿಂದ ಒಪ್ಪಿಕೊಳ್ಳುವ ಒಂದು ಪುಟದ ಘೋಷಣೆಯ ಕರಡು ಇಲ್ಲಿಂದ ಹೊರಡಲಿ ಎಂದು ಬೇಡಿಕೊಳ್ಳುತ್ತೇನೆ. ಕೆಲಸ ಸಿಗುತ್ತದೆಂಬ ಆಶ್ವಾಸನೆ ಕೊಡುವುದಿಲ್ಲ ಎಂದು ಅದರಲ್ಲಿರಲಿ. ನನ್ನ ಈಗಿನ ಗಳಿಕೆಯ ಮೂಲ ಯಾವುದೆಂದು ಕೇಳಿದರೆ ಹೇಳುತ್ತೇನೆ ಎಂದಿರಲಿ. ನಾನೇ ದನಿ ಆಯ್ಕೆ ಮಾಡುವ ಯೋಜನೆಗೆ ನನ್ನ ಹಾಲಿ ವಿದ್ಯಾರ್ಥಿಗಳ ವಾಯ್ಸ್ ಟೆಸ್ಟ್ ಬೇರೊಬ್ಬರು ಮಾಡುತ್ತಾರೆ ಎಂದಿರಲಿ. ತಯಾರಿಲ್ಲದವರಿಗೆ ಡೆಮೊ ಮಾಡಿಕೊಡುವುದಿಲ್ಲ, ತರಗತಿಯಲ್ಲಿ ರೆಕಾರ್ಡ್ ಮಾಡಿದ ವಿದ್ಯಾರ್ಥಿಗಳ ದನಿಯನ್ನು ಯಾವ ಕಂಪನಿಗೂ ಕೊಡುವುದಿಲ್ಲ, ಮೊದಲ ತರಗತಿಯ ನಂತರ ಬೇಡವೆಂದವರಿಗೆ ಹಣ ಹಿಂದಿರುಗಿಸುತ್ತೇನೆ ಎಂಬುದೂ ಬರಲಿ. ಪದಗಳನ್ನು ನೀವು ತಿದ್ದಿ, ಬೇಕಾದರೆ ಕೂಡಿಸಿ, ಕಳೆಯಿರಿ.

ವಿಶ್ವವಿದ್ಯಾಲಯದ ಮಿತ್ರರಲ್ಲಿ ಒಂದು ಕೋರಿಕೆ. ಧ್ವನಿ ಕಲಾವಿದರ ಒಪ್ಪಂದದ ಮಾದರಿಯೊಂದನ್ನು ಕನ್ನಡದಲ್ಲಿ, ಪಿಯುಸಿ ಓದಿದವರಿಗೂ ಅರ್ಥವಾಗುವ ಹಾಗೆ ಸಿದ್ಧಪಡಿಸಿ ಹಂಚಿ. ಸ್ಟುಡಿಯೋ ನಡೆಸುವವರಲ್ಲಿ ಇನ್ನೊಂದು. ಪ್ರತಿ ದೊಡ್ಡ ರೆಕಾರ್ಡಿಂಗಿನಲ್ಲೂ ಒಬ್ಬ ಹೊಸಬರಿಗೆ ಒಳಗೆ ಕೂತು ನೋಡಲು ಜಾಗ ಕೊಡಿ, ಗುಂಪಿನ ದನಿಗೆ ಅವರನ್ನೇ ಕರೆಯಿರಿ, ಅದಕ್ಕೆ ಸಂಭಾವನೆ ಕೊಡಿ. ಇದಕ್ಕೆ ಹೆಚ್ಚು ಖರ್ಚಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ಹಣ ಕಟ್ಟುವ 'ಮೊದಲು' ಪ್ರಶ್ನೆ ಕೇಳಿ. ಮೇಷ್ಟರು ಇತ್ತೀಚೆಗೆ ದನಿ ಕೊಟ್ಟದ್ದು ಯಾವುದಕ್ಕೆ, ಇವರಲ್ಲಿ ಕಲಿತವರು ಈಗ ಏನು ಮಾಡುತ್ತಿದ್ದಾರೆ, ಕೆಲಸ ಸಿಗದವರೊಬ್ಬರ ಜೊತೆಗೂ ಮಾತಾಡಬಹುದೇ ಎಂದು ಕೇಳಿ. ಒಳ್ಳೆಯ ಮೇಷ್ಟರು ಬೇಸರಿಸುವುದಿಲ್ಲ. ಇರುವ ನೌಕರಿಯನ್ನು ಬಿಡಬೇಡಿ. ಬೆಳಿಗ್ಗೆ ಅರ್ಧ ಗಂಟೆ ಗಟ್ಟಿಯಾಗಿ ಕನ್ನಡ ಓದಿ, ನಿಮ್ಮ ಊರಿನ ಮಾತನ್ನು ಮರೆಯಬೇಡಿ. ಇಲ್ಲಿ ಕೂತಿರುವ ಹಿರಿಯರನ್ನು ಈ ಎರಡು ದಿನ ಸಂಕೋಚವಿಲ್ಲದೆ ಕೇಳಿ, ಇಲ್ಲಿ ಯಾರೂ ಶುಲ್ಕ ಕೇಳುವುದಿಲ್ಲ. ಘೋಷಣೆಯ ಕರಡು ನಾಳೆ ಸಂಜೆಯ ಸಮಾರೋಪಕ್ಕೆ ಮುಂಚೆ ಸಿದ್ಧವಾಗಬೇಕು, ಅದನ್ನು ಬರೆಯಲು ಬರುವವರು ಮಧ್ಯಾಹ್ನದ ಊಟದ ಹೊತ್ತಿಗೆ ದಯವಿಟ್ಟು ತಮ್ಮ ಹೆಸರು ಕೊಡಿ.